ಸಿಟಿ ಸ್ಕ್ಯಾನ್‌ಗೆ ಹಾಕುವ ‘ಡೈ’ಯಿಂದ ಮೈಯಲ್ಲಿ ರೇಡಿಯೇಷನ್ ಉಳಿಯುತ್ತಾ? ಉಳಿಯಲ್ಲ. ಆದರೆ ಥೈರಾಯ್ಡ್ ಸ್ಕ್ಯಾನ್ ಇದ್ದರೆ ಅದರ ತಾರೀಖು ಹೇಳಲೇಬೇಕು

“ಸಿಟಿ ಸ್ಕ್ಯಾನ್ ಮಾಡುವಾಗ ಕೊಡುವ ಡೈ ಇಂಜೆಕ್ಷನ್‌ನಿಂದ ತಿಂಗಳುಗಟ್ಟಲೆ ಮೈಯಲ್ಲಿ ರೇಡಿಯೇಷನ್ ಇರುತ್ತದೆ. ಮಕ್ಕಳನ್ನು ಹತ್ತಿರ ಸೇರಿಸಬೇಡಿ. ಪೆಟ್ ಸ್ಕ್ಯಾನ್ ಕೂಡ ಮಾಡಿಸಿದರೆ ಎರಡೂ ಸೇರಿ ವಿಷವಾಗುತ್ತದೆ. ಡಾಕ್ಟರ್ ಹೇಳಿದರೂ ಡೈ ಹಾಕಿಸಿಕೊಳ್ಳಬೇಡಿ.” ಈ ಧಾಟಿಯ ಸಂದೇಶ ನಿಮ್ಮ ಮನೆಯ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಕೊನೆಯಲ್ಲಿ ಕೈಮುಗಿದ ಚಿತ್ರ, ತಪ್ಪದೇ ಹತ್ತು ಜನಕ್ಕೆ ಕಳಿಸಿ ಎಂಬ ಕೋರಿಕೆ. ಅದರ ಹಿಂದೆಯೇ ಬರುವ ಪ್ರಶ್ನೆ ಮಾತ್ರ ನಿಜವಾದ ಆತಂಕದ್ದು: “ಅಕ್ಕಾ, ನಾಳೆ ಅಪ್ಪನಿಗೆ ಡೈ ಹಾಕಿ ಸಿಟಿ ಮಾಡ್ತಾರಂತೆ, ಬೇಡ ಅಂದ್ಬಿಡೋಣ್ವಾ?”

ಬೇಡ ಅನ್ನಬೇಡಿ. ಸಿಟಿಗೆ ಹಾಕುವ ಡೈಯಲ್ಲಿ ರೇಡಿಯೇಷನ್ ಇಲ್ಲ, ಪೆಟ್ ಸ್ಕ್ಯಾನ್ ಜೊತೆ ಸೇರಿ ಅದು ವಿಷವಾಗುವುದೂ ಇಲ್ಲ. ಹಾಗಂತ ಡೈಗೂ ನ್ಯೂಕ್ಲಿಯರ್ ಸ್ಕ್ಯಾನ್‌ಗೂ ಸಂಬಂಧವೇ ಇಲ್ಲ ಎಂದು ಕೈ ತೊಳೆದುಕೊಳ್ಳುವ ಹಾಗೂ ಇಲ್ಲ. ಒಂದು ಕಡೆ ಇವೆರಡೂ ನಿಜಕ್ಕೂ ಡಿಕ್ಕಿ ಹೊಡೆಯುತ್ತವೆ. ಫಾರ್ವರ್ಡ್ ಮಾಡುವವರು ಅದನ್ನು ಬಿಟ್ಟು ಉಳಿದದ್ದೆಲ್ಲ ಬರೆದಿದ್ದಾರೆ.

ಎರಡು ಬೇರೆ ಬೇರೆ ಇಂಜೆಕ್ಷನ್

ಗೊಂದಲ ಶುರುವಾಗುವುದು ಹೆಸರಿನಿಂದ. ‘ಡೈ’ ಎಂದರೆ ಬಣ್ಣ ಅಂದುಕೊಳ್ಳುತ್ತೇವೆ. ಆದರೆ ಸಿಟಿಗೆ ಕೊಡುವ ಈ ದ್ರವಕ್ಕೆ ಬಣ್ಣವೇ ಇಲ್ಲ, ನೀರಿನ ಹಾಗೆ ತಿಳಿಯಾಗಿರುತ್ತದೆ. ಆಸ್ಪತ್ರೆಯಲ್ಲಿ ಇದನ್ನು ಕಾಂಟ್ರಾಸ್ಟ್ ಎನ್ನುತ್ತಾರೆ. ಇದರಲ್ಲಿರುವ ಮುಖ್ಯ ವಸ್ತು ಅಯೋಡಿನ್. ನಮ್ಮ ಅಡುಗೆ ಉಪ್ಪಿನಲ್ಲಿ ಚೂರೇ ಚೂರು ಬೆರೆಸಿರುತ್ತಾರಲ್ಲ, ಅದೇ ಧಾತು. ಅಯೋಡಿನ್ ಪರಮಾಣು ಭಾರವಾದದ್ದು, ಎಕ್ಸ್‌ರೇಯನ್ನು ಚೆನ್ನಾಗಿ ತಡೆಯುತ್ತದೆ. ಹಾಗಾಗಿ ಅದು ಹರಿದ ರಕ್ತನಾಳ, ಅದು ಸೇರಿದ ಗೆಡ್ಡೆ, ಸಿಟಿ ಚಿತ್ರದಲ್ಲಿ ಬೆಳ್ಳಗೆ ಎದ್ದು ಕಾಣುತ್ತವೆ. ಅಷ್ಟೇ ಅದರ ಕೆಲಸ. ಅದು ತಾನಾಗಿ ಯಾವ ಕಿರಣವನ್ನೂ ಬಿಡುವುದಿಲ್ಲ. ಕಿರಣ ಬಿಡುವುದು ಸಿಟಿ ಯಂತ್ರ. ಯಂತ್ರ ಆಫ್ ಆದ ಕ್ಷಣ ಕಿರಣವೂ ನಿಲ್ಲುತ್ತದೆ. ಟಾರ್ಚ್ ಆರಿಸಿದ ಮೇಲೆ ಗೋಡೆಯಲ್ಲಿ ಬೆಳಕು ಉಳಿಯುತ್ತದೆಯೇ?

ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ಕೊಡುವುದು ಇದಕ್ಕೆ ಪೂರ್ತಿ ತಿರುಗಾಮುರುಗಾ. ಅಲ್ಲಿ ಯಂತ್ರ ಕಿರಣ ಬಿಡುವುದಿಲ್ಲ, ಔಷಧಿಯೇ ಬಿಡುತ್ತದೆ. ಇಂಜೆಕ್ಷನ್ ಅಥವಾ ಮಾತ್ರೆಯ ರೂಪದಲ್ಲಿ ಅತಿ ಕಡಿಮೆ ಪ್ರಮಾಣದ ವಿಕಿರಣಶೀಲ ವಸ್ತುವನ್ನು ಕೊಡುತ್ತಾರೆ. ಅದು ಹೋಗಬೇಕಾದ ಅಂಗಕ್ಕೆ ಹೋಗಿ ಕೂರುತ್ತದೆ. ಹೊರಗಿರುವ ಕ್ಯಾಮೆರಾ ಅಲ್ಲಿಂದ ಬರುವ ಕಿರಣಗಳನ್ನು ಎಣಿಸಿ, ಯಾವ ಭಾಗ ಎಷ್ಟು ಹೀರಿಕೊಂಡಿದೆ ಎಂದು ಹೇಳುತ್ತದೆ. ಸಿಟಿ ತೋರಿಸುವುದು ಅಂಗ ಹೇಗಿದೆ ಎಂಬುದನ್ನು, ನ್ಯೂಕ್ಲಿಯರ್ ಸ್ಕ್ಯಾನ್ ಅಳೆಯುವುದು ಅಂಗ ಏನು ಮಾಡುತ್ತಿದೆ ಎಂಬುದನ್ನು.

ಈ ವಸ್ತುಗಳೂ ಶಾಶ್ವತವಲ್ಲ. ಮೂಳೆ ಸ್ಕ್ಯಾನ್, ಕಿಡ್ನಿ ಸ್ಕ್ಯಾನ್‌ಗೆ ಬಳಸುವ ಟೆಕ್ನಿಷಿಯಂ 99ಎಂ ಪ್ರತಿ 6 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ, ಅಂದರೆ ಒಂದು ದಿನ ಕಳೆದರೆ ಹದಿನಾರರಲ್ಲಿ ಒಂದು ಪಾಲು. ಪೆಟ್ ಸ್ಕ್ಯಾನ್‌ನ ಫ್ಲೋರಿನ್ 18 ಸುಮಾರು 110 ನಿಮಿಷಕ್ಕೇ ಅರ್ಧವಾಗುತ್ತದೆ. ಬೆಳಿಗ್ಗೆ ಹಾಕಿಸಿಕೊಂಡವರ ಮೈಯಲ್ಲಿ ರಾತ್ರಿ ಮಲಗುವ ಹೊತ್ತಿಗೆ ಅರವತ್ತರಲ್ಲಿ ಒಂದು ಪಾಲೂ ಇರುವುದಿಲ್ಲ. ಥೈರಾಯ್ಡ್‌ಗೆ ಕೊಡುವ ಅಯೋಡಿನ್ 131 ಮಾತ್ರ ನಿಧಾನ, ಅರ್ಧವಾಗಲು 8 ದಿನ ಬೇಕು. ಮಕ್ಕಳು, ಬಸುರಿಯರಿಂದ ಕೆಲವು ದಿನ ದೂರ ಇರಿ ಎಂದು ಡಾಕ್ಟರ್ ಹೇಳುವುದು ಈ ಅಯೋಡಿನ್ 131 ಚಿಕಿತ್ಸೆ ಪಡೆದವರಿಗೆ. ಫಾರ್ವರ್ಡ್ ಬರೆದವರು ಆ ಎಚ್ಚರಿಕೆಯನ್ನು ಎತ್ತಿ ತಂದು ಸಿಟಿ ಡೈಗೆ ಅಂಟಿಸಿದ್ದಾರೆ ಅನ್ನುವುದು ನನ್ನ ಅನುಮಾನ. ಎರಡರಲ್ಲೂ ಅಯೋಡಿನ್ ಎಂಬ ಹೆಸರಿದೆಯಲ್ಲ!

ಡಿಕ್ಕಿ ಆಗುವ ಜಾಗ: ಕುತ್ತಿಗೆಯ ಗ್ರಂಥಿ

ಹೆಸರು ಒಂದೇ ಆಗಿರುವುದರಲ್ಲೇ ನಿಜವಾದ ಸಮಸ್ಯೆಯೂ ಇದೆ.

ಥೈರಾಯ್ಡ್ ಗ್ರಂಥಿ ಹಾರ್ಮೋನ್ ತಯಾರಿಸಲು ರಕ್ತದಿಂದ ಅಯೋಡಿನ್ ಎಳೆದುಕೊಳ್ಳುತ್ತದೆ. ವಯಸ್ಕರಿಗೆ ದಿನಕ್ಕೆ ಬೇಕಾಗುವುದು ಸುಮಾರು 150 ಮೈಕ್ರೋಗ್ರಾಂ, ಅಂದರೆ ಒಂದು ಗ್ರಾಂ ಅನ್ನು ಹತ್ತು ಲಕ್ಷ ಪಾಲು ಮಾಡಿ ಅದರಲ್ಲಿ 150 ಪಾಲು. ಗ್ರಂಥಿಗೆ ಮಾಮೂಲಿ ಅಯೋಡಿನ್ ಯಾವುದು, ವಿಕಿರಣಶೀಲ ಅಯೋಡಿನ್ ಯಾವುದು ಎಂಬ ವ್ಯತ್ಯಾಸ ಗೊತ್ತಾಗುವುದಿಲ್ಲ. ವೈದ್ಯರು ಈ ಗುಣವನ್ನೇ ಬಳಸಿಕೊಳ್ಳುತ್ತಾರೆ. ವಿಕಿರಣಶೀಲ ಅಯೋಡಿನ್ ಚೂರು ಕುಡಿಸಿ, 24 ಗಂಟೆಯ ನಂತರ ಗ್ರಂಥಿ ಅದರಲ್ಲಿ ನೂರಕ್ಕೆ ಎಷ್ಟು ಪಾಲು ಎಳೆದುಕೊಂಡಿದೆ ಎಂದು ಅಳೆಯುತ್ತಾರೆ. ಇದಕ್ಕೆ ಅಪ್‌ಟೇಕ್ ಪರೀಕ್ಷೆ ಎಂದು ಹೆಸರು. ಆರೋಗ್ಯವಂತರಲ್ಲಿ ಇದು ಸಾಮಾನ್ಯವಾಗಿ ಶೇ. 10ರಿಂದ 30ರ ಆಸುಪಾಸು ಇರುತ್ತದೆ.

ಈಗ ಹೀಗೆ ಯೋಚಿಸಿ. ಒಬ್ಬರಿಗೆ ಹಸಿವು ಎಷ್ಟಿದೆ ಎಂದು ತಿಳಿಯಲು ಮುಂದೆ ಒಂದು ರಾಗಿಮುದ್ದೆ ಇಟ್ಟು, ಎಷ್ಟು ತಿಂದರು ಅಂತ ನೋಡುವುದು ಎಂದಿಟ್ಟುಕೊಳ್ಳಿ. ಪರೀಕ್ಷೆ ಸರಿಯಾಗಿಯೇ ಇದೆ. ಆದರೆ ಆ ಮನುಷ್ಯ ಈಗಷ್ಟೇ ಬೀಗರ ಊಟ ಮುಗಿಸಿ ಬಂದಿದ್ದರೆ? ಎರಡು ತುತ್ತು ಮುರಿದು ಎಲೆ ಮಡಿಸುತ್ತಾನೆ. ಬೀಗರೂಟದ ಸುದ್ದಿ ಗೊತ್ತಿಲ್ಲದವರು “ಪಾಪ, ಇವನಿಗೆ ಹಸಿವೇ ಇಲ್ಲ, ಏನೋ ಕಾಯಿಲೆ” ಎಂದು ಬರೆದುಕೊಳ್ಳುತ್ತಾರೆ.

ಸಿಟಿ ಕಾಂಟ್ರಾಸ್ಟ್ ಥೈರಾಯ್ಡ್‌ಗೆ ಅಂಥ ಬೀಗರೂಟ. ಸಾಮಾನ್ಯವಾಗಿ ಬಳಸುವ ಕಾಂಟ್ರಾಸ್ಟ್‌ನ ಒಂದು ಮಿಲಿಲೀಟರಿನಲ್ಲಿ 300 ಮಿಲಿಗ್ರಾಂ ಅಯೋಡಿನ್ ಇರುತ್ತದೆ. 100 ಮಿಲಿಲೀಟರ್ ಹಾಕಿದರೆ 30 ಗ್ರಾಂ. ದಿನಕ್ಕೆ 150 ಮೈಕ್ರೋಗ್ರಾಂ ಲೆಕ್ಕದಲ್ಲಿ ಅದು ಒಬ್ಬರಿಗೆ ಐನೂರು ವರ್ಷಕ್ಕೂ ಹೆಚ್ಚು ಕಾಲಕ್ಕಾಗುವ ಅಯೋಡಿನ್! ಗಾಬರಿ ಬೇಡ. ಅದರಲ್ಲಿ ಹೆಚ್ಚುಕಮ್ಮಿ ಎಲ್ಲವೂ ದೊಡ್ಡ ಅಣುವೊಂದಕ್ಕೆ ಬಿಗಿಯಾಗಿ ಅಂಟಿಕೊಂಡಿರುತ್ತದೆ, ಗ್ರಂಥಿ ಅದನ್ನು ಮುಟ್ಟಲಾರದು. ಕಿಡ್ನಿ ಸರಿಯಿದ್ದರೆ ಒಂದು ದಿನದೊಳಗೆ ಬಹುತೇಕ ಎಲ್ಲವೂ ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಆದರೆ ಅಣುವಿನಿಂದ ಕಳಚಿಕೊಂಡ ಬಿಡಿ ಅಯೋಡಿನ್ ಸ್ವಲ್ಪ ಇದ್ದೇ ಇರುತ್ತದೆ. ವೈದ್ಯಕೀಯ ಬರಹಗಳಲ್ಲಿ ಸಾಮಾನ್ಯವಾಗಿ ಕೊಡುವ ಅಂದಾಜು ಒಂದು ಡೋಸಿಗೆ ಸುಮಾರು 13,500 ಮೈಕ್ರೋಗ್ರಾಂ. ಅಂದರೆ ಮೂರು ತಿಂಗಳ ಅಯೋಡಿನ್ ಒಂದೇ ದಿನಕ್ಕೆ.

ಇದರ ಎದುರು ವಿಕಿರಣಶೀಲ ಅಯೋಡಿನ್ ಎಷ್ಟಿರುತ್ತದೆ ನೋಡಿ. ಪರೀಕ್ಷೆಯ ಡೋಸು ಬಿಡಿ, ಥೈರಾಯ್ಡ್ ಕ್ಯಾನ್ಸರ್‌ಗೆ ಕೊಡುವ 100 ಮಿಲಿಕ್ಯೂರಿಯ ದೊಡ್ಡ ಡೋಸಿನಲ್ಲೂ ಅಯೋಡಿನ್ 131ರ ತೂಕ ಒಂದು ಮೈಕ್ರೋಗ್ರಾಂಗಿಂತ ಕಡಿಮೆ. ಒಂದು ಕಡೆ ಹದಿಮೂರು ಸಾವಿರ, ಇನ್ನೊಂದು ಕಡೆ ಒಂದೂ ಇಲ್ಲ. ಗ್ರಂಥಿಯ ಬಾಗಿಲಲ್ಲಿ ಎರಡೂ ಒಟ್ಟಿಗೆ ನಿಂತರೆ ಯಾವುದಕ್ಕೆ ಜಾಗ ಸಿಗುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಇದಲ್ಲದೆ ಅಯೋಡಿನ್ ಏಕಾಏಕಿ ಜಾಸ್ತಿಯಾದಾಗ ಗ್ರಂಥಿ ತಾತ್ಕಾಲಿಕವಾಗಿ ಹಾರ್ಮೋನ್ ತಯಾರಿಯನ್ನೇ ನಿಲ್ಲಿಸಿಬಿಡುತ್ತದೆ. 1948ರಲ್ಲಿ ವುಲ್ಫ್ ಮತ್ತು ಚೈಕಾಫ್ ಎಂಬ ವಿಜ್ಞಾನಿಗಳು ಇದನ್ನು ತೋರಿಸಿಕೊಟ್ಟರು, ಈಗಲೂ ಅವರ ಹೆಸರಿನಲ್ಲೇ ಕರೆಯುತ್ತಾರೆ.

ತಪ್ಪು ರೀಡಿಂಗ್‌ನಿಂದ ಏನಾಗುತ್ತದೆ?

ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ನಲವತ್ತು ದಾಟಿದ ಹೆಂಗಸು. ಎದೆ ಡವಡವ, ಕೈ ನಡುಕ, ಊಟ ಮಾಡಿದರೂ ತೂಕ ಇಳಿಯುತ್ತಿದೆ. ಮೊದಲು ಎದೆಯದೇ ತೊಂದರೆ ಇರಬೇಕೆಂದು ಒಂದು ಸ್ಕ್ಯಾನಿಂಗ್ ಸೆಂಟರ್‌ನಲ್ಲಿ ಡೈ ಹಾಕಿ ಸಿಟಿ ಮಾಡಿಸಿದ್ದಾರೆ. ಅಲ್ಲೇನೂ ಸಿಗಲಿಲ್ಲ. ಎರಡು ವಾರ ಬಿಟ್ಟು ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ಹಾರ್ಮೋನ್ ಜಾಸ್ತಿ ಬಂತು. ಬೆಂಗಳೂರಿಗೆ ಹೋಗಿ ಅಪ್‌ಟೇಕ್ ಪರೀಕ್ಷೆ ಮಾಡಿಸಿದರು. ರೀಡಿಂಗ್ ಶೇ. 2.

ಹಾರ್ಮೋನ್ ಜಾಸ್ತಿಯಾಗಲು ಮುಖ್ಯವಾಗಿ ಎರಡು ಕಾರಣ. ಒಂದು, ಗ್ರೇವ್ಸ್ ಕಾಯಿಲೆಯಂತೆ ಗ್ರಂಥಿಯೇ ಹುಚ್ಚೆದ್ದು ತಯಾರಿಸುವುದು. ಆಗ ಅಪ್‌ಟೇಕ್ ಹೆಚ್ಚಿರಬೇಕು, ಇದಕ್ಕೆ ಮಾತ್ರೆಯೋ ವಿಕಿರಣ ಅಯೋಡಿನ್ ಚಿಕಿತ್ಸೆಯೋ ಬೇಕು. ಇನ್ನೊಂದು ಥೈರಾಯ್ಡೈಟಿಸ್, ಅಂದರೆ ಗ್ರಂಥಿಗೆ ಉರಿಯೂತ ಬಂದು ಕೂಡಿಟ್ಟ ಹಾರ್ಮೋನ್ ಸೋರುವುದು. ಆಗ ಅಪ್‌ಟೇಕ್ ತಳ ಕಾಣುತ್ತದೆ. ಇದು ಬಹಳ ಸಲ ತಾನೇ ಸರಿಹೋಗುತ್ತದೆ, ಹಾರ್ಮೋನ್ ತಯಾರಿ ತಡೆಯುವ ಮಾತ್ರೆಯಿಂದ ಪ್ರಯೋಜನವಿಲ್ಲ. ಶೇ. 2 ನೋಡಿದವರು ಎರಡನೆಯದು ಅಂದುಕೊಳ್ಳುವುದು ಸಹಜ. ಎರಡು ವಾರದ ಹಿಂದಿನ ಸಿಟಿಯ ಸುದ್ದಿ ಗೊತ್ತಿದ್ದರೆ ಮಾತ್ರ “ಈ ಅಂಕಿ ನಂಬುವ ಹಾಗಿಲ್ಲ” ಅನ್ನುತ್ತಾರೆ. ಸುದ್ದಿ ಗೊತ್ತಿಲ್ಲದಿದ್ದರೆ ಚಿಕಿತ್ಸೆ ಬೇಕಾದವರು “ತಾನೇ ಕಮ್ಮಿ ಆಗುತ್ತೆ” ಎಂಬ ಮಾತು ಕೇಳಿ ಮನೆಗೆ ಬರುತ್ತಾರೆ. ಯಂತ್ರ ಕೆಟ್ಟಿಲ್ಲ, ಡಾಕ್ಟರ್ ಓದಿದ್ದರಲ್ಲೂ ತಪ್ಪಿಲ್ಲ, ಆದರೂ ತೀರ್ಮಾನ ತಪ್ಪು.

ಥೈರಾಯ್ಡ್ ಕ್ಯಾನ್ಸರ್‌ನಲ್ಲಿ ಇದು ಇನ್ನೂ ಗಂಭೀರ. ಆಪರೇಷನ್ ಆದ ಮೇಲೆ ಅಲ್ಲಲ್ಲಿ ಉಳಿದ ಜೀವಕೋಶಗಳನ್ನು ಸುಡಲು ಹಲವರಿಗೆ ಅಯೋಡಿನ್ 131 ಕೊಡುತ್ತಾರೆ. ಆ ಕೋಶಗಳು ಮಾಮೂಲಿ ಅಯೋಡಿನ್ ಕುಡಿದು ತುಂಬಿಕೊಂಡಿದ್ದರೆ ಔಷಧಿ ಒಳಗೆ ಹೋಗುವುದು ಕಡಿಮೆಯಾಗುತ್ತದೆ. ಡೋಸು ಕೊಟ್ಟದ್ದಾಯಿತು, ಪ್ರತ್ಯೇಕ ಕೋಣೆಯಲ್ಲಿ ಇದ್ದದ್ದಾಯಿತು, ಕೆಲಸ ಮಾತ್ರ ಅರ್ಧಂಬರ್ಧ. ಪೂರ್ತಿ ದೇಹದ ಅಯೋಡಿನ್ ಸ್ಕ್ಯಾನ್ ಆಗಿದ್ದರೆ ಕ್ಯಾನ್ಸರ್ ಉಳಿದಿದ್ದರೂ ಚಿತ್ರದಲ್ಲಿ ಸರಿಯಾಗಿ ಕಾಣದೇ ಹೋಗಬಹುದು. ಏನೂ ಇಲ್ಲ ಎಂಬ ವರದಿ ತಪ್ಪಾಗಿರುವುದು, ಏನೋ ಇದೆ ಎಂಬ ವರದಿ ತಪ್ಪಾಗಿರುವುದಕ್ಕಿಂತ ಅಪಾಯ.

ಈ ಚಿಕಿತ್ಸೆಗೆ ಮುಂಚೆ ಒಂದರಿಂದ ಎರಡು ವಾರ ಅಯೋಡಿನ್ ಕಡಿಮೆ ಇರುವ ಊಟ ಮಾಡಿಸುತ್ತಾರೆ. ದಿನಕ್ಕೆ 50 ಮೈಕ್ರೋಗ್ರಾಂ ದಾಟದ ಹಾಗೆ. ಅಯೋಡಿನ್ ಹಾಕದ ಉಪ್ಪು, ಹಾಲು ಮೊಸರು ಮೊಟ್ಟೆ ಮೀನು ಬಿಟ್ಟ ಸಪ್ಪೆ ಊಟ. ಮೊಸರಿಲ್ಲದೆ ಊಟ ಮುಗಿಸುವುದು ನಮ್ಮ ಕಡೆಯವರಿಗೆ ಎಂಥ ಕಷ್ಟ ಎಂದು ವಿವರಿಸಬೇಕಿಲ್ಲ. ಆ ಪಥ್ಯದ ಮಧ್ಯೆ ಒಂದು ಸಲ ಡೈ ಹಾಕಿಸಿಕೊಂಡರೆ ಆ ವ್ರತವೆಲ್ಲ ನೀರಿನಲ್ಲಿ ಹೋಮ. ದಿನಕ್ಕೆ 50ರಂತೆ ಲೆಕ್ಕ ಹಾಕಿದರೆ 13,500 ಎಂದರೆ 270 ದಿನದ ಪಾಲು.

ಎಷ್ಟು ದಿನ ಬಿಡಬೇಕು?

ಕಾಂಟ್ರಾಸ್ಟ್ ಒಂದೇ ದಿನದಲ್ಲಿ ಹೊರಗೆ ಹೋಗುತ್ತದೆ ಅಂದಿರಿ, ಮತ್ತೆ ಕಾಯುವುದು ಯಾಕೆ ಎಂದು ಕೇಳಬಹುದು. ಹೊರಗೆ ಹೋಗುವುದು ಅಣುವಿಗೆ ಅಂಟಿದ ಅಯೋಡಿನ್. ಕಳಚಿಕೊಂಡ ಬಿಡಿ ಅಯೋಡಿನ್ ಅನ್ನು ಗ್ರಂಥಿ ಒಳಗೆ ಎಳೆದು ಕೂಡಿಟ್ಟುಕೊಂಡಿರುತ್ತದೆ, ಖರ್ಚಾಗಲು ಸಮಯ ಬೇಕು. ಅದಕ್ಕೇ ನ್ಯೂಕ್ಲಿಯರ್ ಮೆಡಿಸಿನ್ ವೈದ್ಯರು ರಕ್ತನಾಳಕ್ಕೆ ಕಾಂಟ್ರಾಸ್ಟ್ ಕೊಟ್ಟ ಮೇಲೆ ಸಾಮಾನ್ಯವಾಗಿ 4ರಿಂದ 8 ವಾರ ಬಿಟ್ಟು ಥೈರಾಯ್ಡ್ ಅಪ್‌ಟೇಕ್, ಸ್ಕ್ಯಾನ್ ಅಥವಾ ಅಯೋಡಿನ್ ಚಿಕಿತ್ಸೆ ಇಟ್ಟುಕೊಳ್ಳುತ್ತಾರೆ. ಅನುಮಾನವಿದ್ದರೆ ಮೂತ್ರದಲ್ಲಿ ಅಯೋಡಿನ್ ಎಷ್ಟಿದೆ ಎಂದು ಪರೀಕ್ಷಿಸುವ ದಾರಿಯಿದೆ. ಕಾಯಲು ಆಗದಿದ್ದರೆ ಗ್ರೇವ್ಸ್ ಕಾಯಿಲೆಯನ್ನು ರಕ್ತದ ಆಂಟಿಬಾಡಿ ಪರೀಕ್ಷೆ, ಡಾಪ್ಲರ್ ಅಲ್ಟ್ರಾಸೌಂಡ್‌ಗಳಿಂದಲೂ ಗುರುತಿಸಲು ಸಾಧ್ಯ. ಟೆಕ್ನಿಷಿಯಂ ಬಳಸಿ ಮಾಡುವ ಥೈರಾಯ್ಡ್ ಸ್ಕ್ಯಾನ್‌ಗೂ ಇದೇ ತೊಂದರೆ ಇದೆ, ಯಾಕೆಂದರೆ ಅದೂ ಅಯೋಡಿನ್ ಹೋಗುವ ಬಾಗಿಲಿನಿಂದಲೇ ಗ್ರಂಥಿಯೊಳಗೆ ಹೋಗಬೇಕು. ಮೂಳೆ ಸ್ಕ್ಯಾನ್‌ಗೆ, ಹೃದಯದ ಸ್ಕ್ಯಾನ್‌ಗೆ ಈ ಪೈಪೋಟಿ ಇಲ್ಲ.

ಇದೇ ಅಡ್ಡಗಾಲನ್ನು ಬೇಕೆಂದೇ ಹಾಕುವ ಸಂದರ್ಭವೂ ಉಂಟು. ಅಣುಸ್ಥಾವರದಲ್ಲಿ ಅಪಘಾತವಾದರೆ ಗಾಳಿಗೆ ಸೇರುವ ವಸ್ತುಗಳಲ್ಲಿ ಅಯೋಡಿನ್ 131 ಒಂದು. 1986ರಲ್ಲಿ ಚೆರ್ನೋಬಿಲ್ ದುರಂತವಾದಾಗ ಪಕ್ಕದ ಪೋಲೆಂಡ್ ಒಂದು ಕೋಟಿಗೂ ಹೆಚ್ಚು ಮಕ್ಕಳಿಗೆ ಮಾಮೂಲಿ ಅಯೋಡಿನ್ ಕುಡಿಸಿತು. ಗ್ರಂಥಿಯ ಹೊಟ್ಟೆ ಮೊದಲೇ ತುಂಬಿಸಿಬಿಟ್ಟರೆ ವಿಕಿರಣಶೀಲ ಅಯೋಡಿನ್‌ಗೆ ಜಾಗವಿರುವುದಿಲ್ಲ ಎಂಬ ಲೆಕ್ಕ. ನಮ್ಮ ಕೈಗಾದಂಥ ಸ್ಥಾವರಗಳ ತುರ್ತು ಯೋಜನೆಯಲ್ಲಿ ಅಯೋಡಿನ್ ಮಾತ್ರೆ ಇರುವುದು ಇದೇ ಕಾರಣಕ್ಕೆ. ಅಲ್ಲಿ ಜೀವ ಕಾಯುವ ತಡೆ, ಸ್ಕ್ಯಾನ್ ಕೋಣೆಯಲ್ಲಿ ದಾರಿ ತಪ್ಪಿಸುವ ತಡೆ.

ಪೆಟ್ ಸಿಟಿಯಲ್ಲಿ ಡೈ: ಲ್ಯಾಕ್ಟೋಮೀಟರ್ ಲೆಕ್ಕ

ಫಾರ್ವರ್ಡ್ ಹೇಳುವ ‘ಎರಡೂ ಸೇರಿ ವಿಷ’ ಎಂಬುದು ಸುಳ್ಳು. ಪೆಟ್ ಸ್ಕ್ಯಾನ್‌ನಲ್ಲಿ ಹೆಚ್ಚಾಗಿ ಬಳಸುವುದು ವಿಕಿರಣಶೀಲ ಗುರುತು ಹಚ್ಚಿದ ಸಕ್ಕರೆಯಂಥ ವಸ್ತು. ಅದಕ್ಕೂ ಅಯೋಡಿನ್‌ಗೂ ಜಾಗದ ಜಗಳವಿಲ್ಲ. ಒಂದೇ ಸಲಕ್ಕೆ ಪೆಟ್ ಜೊತೆ ಕಾಂಟ್ರಾಸ್ಟ್ ಸಿಟಿ ಮಾಡುವುದು ಎಷ್ಟೋ ಕಡೆ ರೂಢಿ. ಆದರೆ ಅಳತೆಯಲ್ಲಿ ಒಂದು ಸಣ್ಣ ಮೋಸ ನಡೆಯಬಹುದು.

ಊರಿನ ಡೈರಿಯಲ್ಲಿ ಹಾಲಿಗೆ ಲ್ಯಾಕ್ಟೋಮೀಟರ್ ಬಿಡುವುದನ್ನು ನೋಡಿರುತ್ತೀರಿ. ಅದು ಹಾಲನ್ನು ಅಳೆಯುವುದಿಲ್ಲ, ಸಾಂದ್ರತೆಯನ್ನು ಅಳೆಯುತ್ತದೆ. ನೀರು ಬೆರೆಸಿದ ಹಾಲಿಗೆ ಸಕ್ಕರೆ ಹಾಕಿದರೆ ಸಾಂದ್ರತೆ ಮತ್ತೆ ಏರಿ, ಕಡ್ಡಿ “ಹಾಲು ಗಟ್ಟಿ ಇದೆ” ಎನ್ನುತ್ತದೆ. ಪೆಟ್ ಸಿಟಿಯಲ್ಲೂ ಹೀಗೆಯೇ. ಮೈಯ ಆಳದಿಂದ ಹೊರಬರುವ ಪೆಟ್ ಕಿರಣಗಳಲ್ಲಿ ಒಂದಷ್ಟನ್ನು ದೇಹವೇ ಹೀರುತ್ತದೆ. ಎಷ್ಟು ಹೀರಿತು ಎಂದು ತಿಳಿಯಲು ಕಂಪ್ಯೂಟರ್ ಸಿಟಿ ಚಿತ್ರ ನೋಡುತ್ತದೆ: ಬೆಳ್ಳಗಿರುವ ಕಡೆ ಮೂಳೆಯಂಥ ಗಟ್ಟಿ ವಸ್ತು ಇದೆ, ಅಲ್ಲಿ ನಷ್ಟ ಜಾಸ್ತಿ, ಹಾಗಾಗಿ ಅಂಕಿಯನ್ನು ಏರಿಸು. ಅಲ್ಲಿ ಬೆಳ್ಳಗಿದ್ದದ್ದು ಮೂಳೆಯಲ್ಲದೆ ಕಾಂಟ್ರಾಸ್ಟ್ ಆಗಿದ್ದರೆ? ಸಿಟಿಯ ಎಕ್ಸ್‌ರೇಯನ್ನು ಅಯೋಡಿನ್ ಜೋರಾಗಿ ತಡೆಯುತ್ತದೆ, ನಿಜ. ಆದರೆ ಪೆಟ್ ಕಿರಣದ ಶಕ್ತಿ 511 ಕಿಲೋ ಎಲೆಕ್ಟ್ರಾನ್ ವೋಲ್ಟ್, ಸಿಟಿಯದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಅದಕ್ಕೆ ಅಷ್ಟು ಅಯೋಡಿನ್ ಲೆಕ್ಕಕ್ಕೇ ಇಲ್ಲ. ಆಗದ ನಷ್ಟಕ್ಕೆ ಕಂಪ್ಯೂಟರ್ ಪರಿಹಾರ ಕೊಟ್ಟಂತಾಗಿ ಅಂಕಿ ನಿಜಕ್ಕಿಂತ ಮೇಲೆ ಹೋಗುತ್ತದೆ.

ರಕ್ತದಲ್ಲಿ ಹರಡಿಕೊಂಡ ಕಾಂಟ್ರಾಸ್ಟ್‌ನಿಂದ ಈ ಏರಿಕೆ ಸಾಮಾನ್ಯವಾಗಿ ಚಿಕ್ಕದು, ರೋಗದ ತೀರ್ಮಾನ ಬದಲಾಗುವಷ್ಟಲ್ಲ. ಗಟ್ಟಿಯಾಗಿ ಒಂದೇ ಕಡೆ ನಿಂತಾಗ ಮಾತ್ರ ತೊಂದರೆ: ಇಂಜೆಕ್ಷನ್ ಹಾಕಿದ ಕೈಯ ಕಂಕುಳಿನ ಹತ್ತಿರದ ರಕ್ತನಾಳ, ಅಥವಾ ಕೆಲವು ದಿನದ ಹಿಂದೆ ಕುಡಿದ ಬೇರಿಯಂ ಕರುಳಿನಲ್ಲಿ ಉಳಿದಿರುವ ಜಾಗ. ಅಲ್ಲಿ ಗೆಡ್ಡೆಯಂತೆ ಹೊಳೆಯುವ ಚುಕ್ಕೆ ಕಾಣಬಹುದು. ಹಲ್ಲಿನ ಲೋಹ, ಪೇಸ್‌ಮೇಕರ್ ಸುತ್ತ ಕೂಡ ಹೀಗಾಗುತ್ತದೆ. ವೈದ್ಯರ ಬಳಿ ಇದಕ್ಕೆ ಉಪಾಯವಿದೆ, ಕಂಪ್ಯೂಟರ್ ತಿದ್ದದ ಮೂಲ ಚಿತ್ರವನ್ನೂ ತೆಗೆದು ನೋಡುತ್ತಾರೆ. ಅದರಲ್ಲಿ ಚುಕ್ಕೆ ಇಲ್ಲದಿದ್ದರೆ ಅದು ಡೈಯ ಆಟ. ಕೆಲವು ಕಡೆ ಮೊದಲು ಡೈ ಇಲ್ಲದ ಸಿಟಿ, ಆಮೇಲೆ ಪೆಟ್, ಕೊನೆಗೆ ಡೈ ಹಾಕಿದ ಸಿಟಿ ಎಂಬ ಕ್ರಮ ಇಟ್ಟುಕೊಂಡಿರುತ್ತಾರೆ. ನೀವು ಮಾಡಬೇಕಾದ್ದು ಇತ್ತೀಚೆಗೆ ಬೇರಿಯಂ ಕುಡಿದಿದ್ದರೆ ಹೇಳುವುದು, ಅಷ್ಟೇ.

ಎಂಆರ್‌ಐಗೆ ಹಾಕುವ ಇಂಜೆಕ್ಷನ್ ಗ್ಯಾಡೊಲಿನಿಯಂ. ಅದರಲ್ಲಿ ಅಯೋಡಿನ್ ಇಲ್ಲ, ಥೈರಾಯ್ಡ್ ಸ್ಕ್ಯಾನ್‌ಗೆ ಅಡ್ಡಿಯಿಲ್ಲ. ಈಗ ಅಪರೂಪವಾಗಿರುವ ಗ್ಯಾಲಿಯಂ 67 ಸ್ಕ್ಯಾನ್‌ನಲ್ಲಿ ಮಾತ್ರ ಅದು ಚಿತ್ರ ಕೆಡಿಸಬಲ್ಲದು.

ಸುದ್ದಿ ಕಳೆದುಹೋಗುವುದು ದಾರಿಯಲ್ಲಿ

ದೊಡ್ಡಆಲಹಳ್ಳಿ ಇರುವುದು ಕನಕಪುರದಿಂದ ಸಂಗಮಕ್ಕೆ ಹೋಗುವ ರಸ್ತೆಯಲ್ಲಿ. ಇಲ್ಲಿಯವರು ಮೊದಲು ತೋರಿಸುವುದು ಕನಕಪುರದಲ್ಲಿ, ಸ್ಕ್ಯಾನ್ ಇನ್ನೊಂದು ಕಡೆ, ನ್ಯೂಕ್ಲಿಯರ್ ಮೆಡಿಸಿನ್ ಬೇಕೆಂದರೆ ಬೆಂಗಳೂರಿನ ಕಿದ್ವಾಯಿಯಂಥ ದೊಡ್ಡ ಆಸ್ಪತ್ರೆ. ಮೂರೂ ಕಡೆ ಕಂಪ್ಯೂಟರ್ ಬೇರೆ, ಚೀಟಿ ಬೇರೆ, ಡಾಕ್ಟರ್ ಬೇರೆ. ಎಲ್ಲ ಕಡೆಗೂ ಹೋಗುವುದು ರೋಗಿ ಮತ್ತು ಬಟ್ಟೆ ಅಂಗಡಿ ಕವರಿನಲ್ಲಿ ಮಡಿಸಿಟ್ಟ ಅವರ ಕಾಗದಗಳು. ಆ ಕವರಿನಲ್ಲಿ ದೊಡ್ಡ ಫಿಲ್ಮ್ ಇರುತ್ತದೆ, ಬಿಲ್ ಇರುತ್ತದೆ. ವರದಿಯ ಹಾಳೆ ಮಾತ್ರ ಮನೆಯ ಅಲಮಾರಿಯಲ್ಲಿ ಉಳಿದಿರುತ್ತದೆ.

ಆ ಹಾಳೆಯಲ್ಲಿ ನೋಡಬೇಕಾದ್ದು ಒಂದೇ ಸಾಲು. ‘ಪ್ಲೇನ್’ ಅಥವಾ ‘ಎನ್‌ಸಿಸಿಟಿ’ ಎಂದಿದ್ದರೆ ಡೈ ಹಾಕಿಲ್ಲ. ‘ಸಿಇಸಿಟಿ’ ಅಥವಾ ‘ಕಾಂಟ್ರಾಸ್ಟ್’ ಎಂದಿದ್ದರೆ ಹಾಕಿದ್ದಾರೆ. ಶ್ವಾಸಕೋಶಕ್ಕೆ ಮಾಡುವ ‘ಎಚ್‌ಆರ್‌ಸಿಟಿ’ ಸಾಮಾನ್ಯವಾಗಿ ಡೈ ಇಲ್ಲದ್ದು. ಫೋನಿನಲ್ಲಿ ಆ ಹಾಳೆಯ ಫೋಟೋ ತೆಗೆದು ತಾರೀಖಿನ ಸಮೇತ ಇಟ್ಟುಕೊಳ್ಳಿ. ಗುಡ್ ಮಾರ್ನಿಂಗ್ ಚಿತ್ರಗಳಿಗೆ ಇರುವ ಜಾಗದಲ್ಲಿ ಇದಕ್ಕೂ ಸ್ವಲ್ಪ ಸಿಗುತ್ತದೆ.

ಇನ್ನೊಂದು ಮಾತು. “ಸಿಟಿ ಮಾಡಿಸಿದ್ದೀರಾ?” ಎಂದು ಕೇಳಿದರೆ ಎಷ್ಟೋ ಜನ ಇಲ್ಲ ಎನ್ನುತ್ತಾರೆ, ಅದು ಸುಳ್ಳೂ ಅಲ್ಲ. ಆದರೆ ಹೃದಯದ ಆಂಜಿಯೋಗ್ರಾಂ ಆಗಿರುತ್ತದೆ, ಸ್ಟೆಂಟ್ ಹಾಕಿರುತ್ತಾರೆ. ಅಲ್ಲಿಯೂ ಹಾಕುವುದು ಇದೇ ಅಯೋಡಿನ್ ಕಾಂಟ್ರಾಸ್ಟ್. ಮಕ್ಕಳಾಗದವರಿಗೆ ಗರ್ಭನಾಳ ನೋಡಲು ಮಾಡುವ ಎಕ್ಸ್‌ರೇ ಪರೀಕ್ಷೆಯಲ್ಲೂ ಅಯೋಡಿನ್ ಇದೆ, ಅದರಲ್ಲಿ ಎಣ್ಣೆ ರೂಪದ್ದನ್ನು ಬಳಸಿದ್ದರೆ ತಿಂಗಳುಗಟ್ಟಲೆ ನಿಧಾನವಾಗಿ ಬಿಡುತ್ತಾ ಹೋಗುತ್ತದೆ. ಹೃದಯದ ಬಡಿತ ಸರಿಪಡಿಸಲು ಕೊಡುವ ಅಮಿಯೋಡರೋನ್ ಮಾತ್ರೆಯೂ ಹೀಗೆಯೇ: 200 ಮಿಲಿಗ್ರಾಂನ ಒಂದು ಮಾತ್ರೆಯಲ್ಲಿ ಸುಮಾರು 75 ಮಿಲಿಗ್ರಾಂ ಅಯೋಡಿನ್ ಇರುತ್ತದೆ, ನಿಲ್ಲಿಸಿದ ಮೇಲೂ ತಿಂಗಳುಗಳ ಕಾಲ ಮೈಯಲ್ಲಿ ಉಳಿಯುತ್ತದೆ. ಇದನ್ನು ಓದಿ ಯಾರೂ ಆ ಮಾತ್ರೆಯನ್ನು ತಾವಾಗಿ ನಿಲ್ಲಿಸಬೇಡಿ, ಹೃದಯಕ್ಕೆ ಅದು ಬೇಕೆಂದೇ ಕೊಟ್ಟಿರುತ್ತಾರೆ.

ಹೇಳುವುದನ್ನು ಸ್ಕ್ಯಾನ್ ದಿನಕ್ಕೆ ಇಟ್ಟುಕೊಳ್ಳದೆ, ದಿನಾಂಕ ಗೊತ್ತುಮಾಡುವಾಗಲೇ ಹೇಳಿ. ನಮ್ಮ ದೇಶದಲ್ಲಿ ಅಯೋಡಿನ್ 131 ತಯಾರಾಗುವುದು ಮುಂಬೈನ ಟ್ರಾಂಬೆಯಲ್ಲಿರುವ ಧ್ರುವ ರಿಯಾಕ್ಟರಿನಲ್ಲಿ. ನಮ್ಮ ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ ಅಣುಶಕ್ತಿ ಆಯೋಗದ ಅಧ್ಯಕ್ಷರಾಗಿದ್ದಾಗ, 1985ರಲ್ಲಿ ಶುರುವಾದ ರಿಯಾಕ್ಟರ್ ಅದು. ಎಂಟು ದಿನಕ್ಕೆ ಅರ್ಧವಾಗುವ ವಸ್ತುವನ್ನು ಉಗ್ರಾಣದಲ್ಲಿ ಕೂಡಿಡಲು ಬರುವುದಿಲ್ಲ. ರೋಗಿಯ ತಾರೀಖು ನೋಡಿಕೊಂಡು ಡೋಸು ತರಿಸಿರುತ್ತಾರೆ. ಅವತ್ತು ಬೆಳಿಗ್ಗೆ “ಮೊನ್ನೆ ಡೈ ಹಾಕಿದ್ರು ಸಾರ್” ಎಂದರೆ ಸರದಿ ಹೋಗುತ್ತದೆ, ಬಸ್ ಚಾರ್ಜೂ ದಂಡ.

ಹಾಗಾದರೆ ಡೈ ಬೇಡ ಅನ್ನುವುದೇ ಸುರಕ್ಷಿತವೇ?

ಅಲ್ಲ. ಪಾರ್ಶ್ವವಾಯು, ಎದೆನೋವು, ಅಪಘಾತದಲ್ಲಿ ಒಳಗೆ ರಕ್ತಸ್ರಾವ, ಇಂಥ ಹೊತ್ತಿನಲ್ಲಿ ಕಾಂಟ್ರಾಸ್ಟ್ ಹಾಕದೆ ಬೇಕಾದ್ದು ಕಾಣುವುದಿಲ್ಲ. ಥೈರಾಯ್ಡ್ ಕ್ಯಾನ್ಸರ್ ಇರುವವರಿಗೇ ಕೆಲವೊಮ್ಮೆ ಆಪರೇಷನ್‌ಗೆ ಮುಂಚೆ ಕುತ್ತಿಗೆಯ ಕಾಂಟ್ರಾಸ್ಟ್ ಸಿಟಿ ಮಾಡುತ್ತಾರೆ, ಗೆಡ್ಡೆ ಎಲ್ಲೆಲ್ಲಿ ಹಬ್ಬಿದೆ ಎಂದು ತಿಳಿಯಲು. ಆಪರೇಷನ್ ಆಗಿ ಅಯೋಡಿನ್ ಚಿಕಿತ್ಸೆಯ ಸರದಿ ಬರುವಷ್ಟರಲ್ಲಿ ಆ ವಾರಗಳು ಕಳೆದಿರುತ್ತವೆ. ಡೈಗೆ ತನ್ನದೇ ತೊಂದರೆಗಳಿವೆ. ಕೆಲವರಿಗೆ ಅಲರ್ಜಿ ಆಗುತ್ತದೆ, ಕಿಡ್ನಿ ಕಾಯಿಲೆ ಇದ್ದವರಿಗೆ ಎಚ್ಚರ ಬೇಕು. ಸ್ಕ್ಯಾನ್‌ಗೆ ಮುಂಚೆ ಕ್ರಿಯಾಟಿನಿನ್ ಪರೀಕ್ಷೆ ಕೇಳುವುದು ಅದಕ್ಕೇ. ಸಂಗಮದ ಮೀನು ಒಗ್ಗದವರಿಗೆ ಡೈ ಕೂಡ ಒಗ್ಗುವುದಿಲ್ಲ ಎನ್ನುವುದು ಮಾತ್ರ ಕಟ್ಟುಕತೆ. ಮೀನಿನ ಅಲರ್ಜಿಗೆ ಕಾರಣ ಅದರ ಪ್ರೋಟೀನ್, ಅಯೋಡಿನ್ ಅಲ್ಲ.

ಎದೆಹಾಲು ಕುಡಿಸುವ ತಾಯಂದಿರಿಗೆ ಈ ಎರಡು ಇಂಜೆಕ್ಷನ್‌ಗಳ ವ್ಯತ್ಯಾಸ ಎಲ್ಲರಿಗಿಂತ ಹೆಚ್ಚು ಮುಖ್ಯ. ಸಿಟಿ ಕಾಂಟ್ರಾಸ್ಟ್ ಹಾಕಿಸಿಕೊಂಡ ಮೇಲೆ ಹಾಲು ನಿಲ್ಲಿಸುವ ಅಗತ್ಯವಿಲ್ಲ ಎಂಬುದು ಅಮೆರಿಕದ ರೇಡಿಯಾಲಜಿ ವೈದ್ಯರ ಸಂಘದ ಸಲಹೆ, ಹಾಲಿಗೆ ಸೇರುವ ಪ್ರಮಾಣ ಅಷ್ಟು ಕಡಿಮೆ. ಅಯೋಡಿನ್ 131 ಚಿಕಿತ್ಸೆಯಾದರೆ ಆ ಮಗುವಿಗೆ ಮತ್ತೆ ಎದೆಹಾಲು ಕೊಡುವಂತಿಲ್ಲ, ಚಿಕಿತ್ಸೆಗೆ ಕೆಲವು ವಾರ ಮುಂಚೆಯೇ ಬಿಡಿಸಿರಬೇಕು. ಬಸುರಿಯಾಗಿದ್ದರೆ ಆ ಚಿಕಿತ್ಸೆ ಕೊಡುವುದೇ ಇಲ್ಲ. ಟೆಕ್ನಿಷಿಯಂ, ಪೆಟ್ ಸ್ಕ್ಯಾನ್‌ಗಳಿಗೆ ಎಷ್ಟು ಗಂಟೆ ಬಿಡಬೇಕು ಎಂಬುದು ಔಷಧಿಯಿಂದ ಔಷಧಿಗೆ ಬೇರೆ. ಇಂಜೆಕ್ಷನ್ ಹಾಕುವವರು ಕೇಳಲಿ ಎಂದು ಕಾಯದೆ, ಮಗುವಿಗೆ ಹಾಲು ಕುಡಿಸುತ್ತಿದ್ದೇನೆ ಎಂದು ಬಾಗಿಲಲ್ಲೇ ಹೇಳಿ.